ಹೆಂಚು ಕಾಣುವ ಫೋಟೋ

ಮನೆಗೆ ವಿಮೆ ಮಾಡಿಸಿದ ಮೇಲೆ ನಮ್ಮ ಸೋದರಮಾವನಿಗೆ ಬಿರುಗಾಳಿಯ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು. ಮೋಡ ಕಟ್ಟಿದೊಡನೆ ಬೀದಿಯವರೆಲ್ಲ ಒಣಹಾಕಿದ ಬಟ್ಟೆ ಎತ್ತಿಕೊಳ್ಳಲು ಓಡಿದರೆ, ಮಾವ ಮಾತ್ರ ಕುರ್ಚಿಯನ್ನು ಅಂಗಳಕ್ಕೆ ತಂದು ಹಾಕಿಕೊಂಡು, ಬರಬೇಕಾದ ನೆಂಟರ ದಾರಿ ಕಾಯುವವರಂತೆ ಆಕಾಶ ನೋಡುತ್ತ ಕೂರುತ್ತಿದ್ದರು.

ಮಾವ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗುವ ಕೆಲಸದಲ್ಲಿದ್ದರು. ಸಂಜೆ ಮೈಕನ್ನು ನಿಲ್ದಾಣದಲ್ಲೇ ಬಿಟ್ಟು ಬರುತ್ತಿದ್ದರು, ನಿಜ. ಆದರೆ ಗಂಟಲನ್ನು ಬಿಟ್ಟು ಬರಲಾಗುತ್ತದೆಯೇ? ಊಟಕ್ಕೆ ಕೂತು ಅವರು "ಉಪ್ಪು ಕಮ್ಮಿ" ಎಂದರೆ ಆಚೆ ಮನೆಯವರು ತಮ್ಮ ಅಡುಗೆಗೆ ಉಪ್ಪು ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಮಾವ ವಿಮೆ ಮಾಡಿಸಿದ ಸಂಗತಿ ಬೀದಿಗೆಲ್ಲ ಅದೇ ದಿನ ತಿಳಿಯಿತು. ತಿಳಿಯದೆ ಉಳಿದವರಿಗೂ ಇರಲಿ ಎಂದು, ವಿಮೆಯ ಪತ್ರಕ್ಕೆ ಕಟ್ಟು ಹಾಕಿಸಿ, ಬಾಗಿಲಿನ ಎದುರಿನ ಗೋಡೆಗೇ ತೂಗುಹಾಕಿದರು.

ಪಕ್ಕದ ಮನೆಯಲ್ಲಿ ಒಬ್ಬ ದರ್ಜಿ ಇದ್ದರು. ಮಳೆ ಶುರುವಾಗುವ ಮುಂಚೆ ಅವರು ತಮ್ಮ ಮನೆಯ ಮೇಲೆ ಹತ್ತಿ, ಜರುಗಿದ ಹೆಂಚುಗಳನ್ನು ಅಂಗಿಗೆ ತೇಪೆ ಹಾಕುವಷ್ಟೇ ನಾಜೂಕಾಗಿ ಸರಿಮಾಡುತ್ತಿದ್ದರು. ಮಾವ ಕೆಳಗೆ ಕುರ್ಚಿಯಲ್ಲಿ ಕೂತು ಉಪದೇಶ ಮಾಡುತ್ತಿದ್ದರು.

"ಯಾಕ್ರೀ ಸುಮ್ನೆ ಮೈ ನೋಯಿಸ್ಕೋತೀರಿ? ಒಂದು ವಿಮೆ ಮಾಡಿಸಿ, ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಹಾರೋದು ಹಾರ್ಲಿ!"

"ಗಾಳಿ ಬಂದಾಗ ತೂರಿಕೋ ಅಂತಾರೆ. ನೀವು ಮನೇನೇ ತೂರೋಕೆ ಕೂತಿದೀರಲ್ಲ ಸ್ವಾಮಿ" ಎಂದು ದರ್ಜಿ ಮೇಲಿನಿಂದ ಹೇಳಿದರು.

ಕೊನೆಗೂ ಒಂದು ಮಧ್ಯಾಹ್ನ ಗಾಳಿ ಬಂದಿತು. ಆಗ ನಾನು ಮಾವನ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದೆ. ಅತ್ತೆಯೂ ನಾನೂ ಒಳಗಿದ್ದೆವು. ಮೇಲೆ ಯಾರೋ ದೊಡ್ಡ ಇಸ್ಪೀಟು ಕಟ್ಟನ್ನು ಕಲೆಸಿದಂತೆ ಸದ್ದಾಯಿತು. ತಲೆ ಎತ್ತಿ ನೋಡಿದರೆ ಅಡುಗೆಮನೆಯ ಮೇಲೆ ಆಕಾಶ. ಕೆಲವು ಹೆಂಚು ಒಲೆಯ ಪಕ್ಕಕ್ಕೆ ಬಿದ್ದಿದ್ದವು, ಕೆಲವು ಹಿತ್ತಲಿಗೆ, ಇನ್ನು ಕೆಲವು ನೆರೆಹೊರೆಯ ಸೌಹಾರ್ದ ನೆನೆದು ದರ್ಜಿಯ ಅಂಗಳಕ್ಕೆ. ಹಿಂದೆಯೇ ಮಳೆ. ಅತ್ತೆ ಇದ್ದಬದ್ದ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಹರಡಿದರು.

ಸುದ್ದಿ ತಿಳಿದು ಮಾವ ಓಡಿಬಂದರು. ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಅವರ ಮುಖದಲ್ಲಿ ಆಗ ಕಂಡ ಕಳೆಯನ್ನು, ಅವರ ಮದುವೆಯ ದಿನವೂ ಕಂಡಿರಲಿಲ್ಲವೆಂದು ಅತ್ತೆ ಆಮೇಲೆ ಬಹಳ ಸಲ ಹೇಳಿದ್ದುಂಟು.

"ಯಾರೂ ಏನೂ ಮುಟ್ಟಬೇಡಿ! ಎಲ್ಲಾ ಸಾಕ್ಷಿ!" ಎಂದು ಕೂಗಿದರು.

"ಒಲೆ ಮುಂದೆ ಬಿದ್ದಿದೆ ಕಣ್ರೀ. ಅಡುಗೆ ಎಲ್ಲಿ ಮಾಡ್ಲಿ?"

"ಸಾಕ್ಷಿ ಸುತ್ತಲೂ ಮಾಡು!"

ದರ್ಜಿಯ ಅಂಗಡಿಯಲ್ಲಿ ಫೋನ್ ಇತ್ತು. ಮಾವ ಅಲ್ಲಿಂದ ವಿಮಾ ಕಂಪನಿಗೆ ಫೋನ್ ಮಾಡಿದರು. ಆ ಕಡೆಯವರು ಸೋಮವಾರ ಸರ್ವೇಯರ್ ಬರುತ್ತಾರೆ ಎಂದರು. ಹಾಳಾಗಿರುವುದರ ಫೋಟೋ ಅವರೇ ತೆಗೆದುಕೊಳ್ಳುತ್ತಾರೆ, ಹಾಳಾಗುವ ಮುಂಚೆ ಚಾವಣಿ ಸರಿಯಾಗಿತ್ತು ಎನ್ನುವುದಕ್ಕೆ ಫೋಟೋ ನೀವು ಕೊಡಬೇಕು ಎಂದರು.

"ಹಾರಿಹೋಗಿರೋದರ ಫೋಟೋ ನಾನು ಈಗ ಹೇಗ್ರೀ ತೆಗೀಲಿ?"

"ಮುಂಚೆ ತೆಗೆದಿದ್ದು ಸರ್."

"ಹಾರುತ್ತೆ ಅಂತ ನನಗೇನು ಗೊತ್ತಿತ್ತು?"

"ಗೊತ್ತಿಲ್ದೆ ವಿಮೆ ಯಾಕೆ ಮಾಡಿಸಿದ್ರಿ ಸರ್?"

ಮಾವ ಫೋನ್ ಇಟ್ಟರು. ಮನುಷ್ಯ ಎಂಥ ಕೃತಘ್ನ ನೋಡಿ. ತೊಟ್ಟಿಲಿನ ಫೋಟೋ ತೆಗೆಸುತ್ತಾನೆ, ಹೊಸ ಸೈಕಲ್ಲಿನ ಪಕ್ಕ ನಿಂತು ತೆಗೆಸುತ್ತಾನೆ, ಎಂದೂ ಓದದ ಪುಸ್ತಕ ಕೈಯಲ್ಲಿ ಹಿಡಿದು ತೆಗೆಸುತ್ತಾನೆ. ಹಗಲೂ ರಾತ್ರಿ ತಲೆ ಕಾಯುವ ಹೆಂಚಿನ ಫೋಟೋ ತೆಗೆಸಿದವನು ಮಾತ್ರ ಇಲ್ಲ.

ಆದರೆ ಮನೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳಿದ್ದವು. ನಿಂತವರ ತಲೆಯ ಮೇಲೆ ಹೇಗಿದ್ದರೂ ಚಾವಣಿ ಬಂದಿರಲೇಬೇಕು. ನಮ್ಮ ಅಜ್ಜ ತೀರಿಕೊಂಡಾಗ ಆ ಫೋಟೋಗಳನ್ನೆಲ್ಲ ಮಾವನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಪೆಟ್ಟಿಗೆಯ ಸಮೇತ ತಮ್ಮ ಮನೆಗೆ ಕೊಂಡೊಯ್ದಿದ್ದರು. ಮಾರನೇ ದಿನ ಅವರಿಗೆ ಫೋನ್ ಮಾಡಬೇಕಾಯಿತು. "ನೀವು ಮಾತಾಡೋದಾದ್ರೆ ಫೋನೇ ಬೇಡ, ಹೊರಗೆ ನಿಂತು ಕೂಗಿದ್ರೂ ಕೇಳುತ್ತೆ. ನನ್ನ ಫೋನ್ ಒಡೀಬೇಡಿ" ಎಂದು ದರ್ಜಿ ರಿಸೀವರನ್ನು ಅತ್ತೆಯ ಕೈಗೆ ಕೊಟ್ಟರು. ಆಗಿನ ಫೋನಿನ ತಂತಿಗಳಲ್ಲಿ ಮಾತಿಗಿಂತ ಗೊರಗೊರವೇ ಹೆಚ್ಚು. ದೊಡ್ಡಮ್ಮನಿಗೋ ಒಂದು ಕಿವಿ ಮಂದ.

"ಅತ್ತಿಗೆ, ನಮ್ಮ ಮನೆ ಮೇಲಿಂದು ಹೋಗ್ಬಿಡ್ತು!" ಎಂದು ಅತ್ತೆ ಹೇಳಿದರು. ಅದರಲ್ಲಿ "ನಮ್ಮ ಮನೆ" ಮತ್ತು "ಹೋಗ್ಬಿಡ್" ಎಂಬಷ್ಟು ಮಾತ್ರ ದೊಡ್ಡಮ್ಮನಿಗೆ ತಲುಪಿತು. ಗಂಡನನ್ನು "ನಮ್ಮ ಮನೆಯವರು" ಎಂದೇ ಹೇಳುವ ಹೆಂಗಸು ಅತ್ತೆ. ದೊಡ್ಡಮ್ಮ "ಅಯ್ಯೋ!" ಎಂದರು.

"ನಿನ್ನೆ ಮಧ್ಯಾಹ್ನ ಅತ್ತಿಗೆ. ಒಂದೇ ಏಟಿಗೆ ಹೋಯ್ತು."

"ಅಯ್ಯಯ್ಯೋ!"

"ಹಳೇದಲ್ವಾ, ಎಷ್ಟು ದಿನ ಅಂತ ತಡೆಯುತ್ತೆ? ಒಳಗೆಲ್ಲ ಹುಳ ತಿಂದು ಟೊಳ್ಳಾಗಿತ್ತು. ಹೋಗ್ಲಿ ಬಿಡಿ, ವಿಮೆ ಇದೆಯಲ್ಲ, ಬಂದ ತಕ್ಷಣ ಹೊಸದು ತರ್ತೀನಿ. ಈಗ ಒಳ್ಳೊಳ್ಳೇದು ಬಂದಿದೆಯಂತೆ. ಹಗುರ. ಸದ್ದೂ ಮಾಡಲ್ವಂತೆ."

ದೊಡ್ಡಮ್ಮ ಬಿಕ್ಕಿದ್ದು ಗೊರಗೊರದ ನಡುವೆ ಅತ್ತೆಗೆ ಕೇಳಿಸಲಿಲ್ಲ.

"ಸೋಮವಾರ ನೋಡೋಕೆ ಬರ್ತಾರೆ. ನಿಮ್ಮ ಹತ್ರ ಹಳೇ ಫೋಟೋ ಇದೆಯಲ್ಲ, ತಗೊಂಡು ಬನ್ನಿ ಅತ್ತಿಗೆ. ಹೋಗೋಕೆ ಮುಂಚೆ ಹೇಗಿತ್ತು ಅಂತ ತೋರಿಸ್ಬೇಕು."

ತಮ್ಮ ಹೋದ ದುಃಖಕ್ಕಿಂತ, ಅವನ ಹೆಂಡತಿ ಅವನನ್ನು 'ಅದು, ಇದು' ಎಂದದ್ದೇ ದೊಡ್ಡಮ್ಮನಿಗೆ ಹೆಚ್ಚು ನೋವು ಕೊಟ್ಟಿತಂತೆ. "ಬದುಕಿದ್ದಾಗ 'ಅವರು', ಸತ್ತ ಮಾರನೇ ದಿನಕ್ಕೇ 'ಅದು'!" ಎಂದು ನೆಂಟರೆದುರು ಅತ್ತರಂತೆ. ಅತ್ತ ಮೇಲೆ, ತಮ್ಮನ ಕೆಲಸದ ಜಾಗಕ್ಕೂ ತಿಳಿಸುವುದು ಅಕ್ಕನ ಕರ್ತವ್ಯವೆಂದು ಬಸ್ ನಿಲ್ದಾಣಕ್ಕೆ ಫೋನ್ ಮಾಡಿದರು. ಮಾವ ಹೇಳದೆ ಕೇಳದೆ ಕೆಲಸಕ್ಕೆ ಬಾರದಿದ್ದುದು ಅಲ್ಲಿಯವರಿಗೂ ಸರಿಹೋಯಿತು. ನಿಲ್ದಾಣದಲ್ಲಿ ಮೌನ ಆಚರಿಸಿದರು. ಯಾವ ಬಸ್ಸು ಎಲ್ಲಿಗೆ ಎಂದು ಕೂಗುವವರಿಲ್ಲದೆ, ಆ ಮೌನದಲ್ಲಿ ಒಂದು ದೊಡ್ಡ ಕುಟುಂಬ ಬೇರೆ ಊರಿನ ಬಸ್ಸು ಹತ್ತಿ ಹೋಯಿತು ಎಂದು ಕೇಳಿದ್ದೇನೆ.

ಸೋಮವಾರ ಬೆಳಗ್ಗೆ ಮಾವ ಏಣಿ ಹಾಕಿ ಮೇಲೆ ಹತ್ತಿದರು. ಅವರು ಹಿಂದೆಂದೂ ಹತ್ತಿದವರಲ್ಲ. ಅಂದು ಹತ್ತಲು ಕಾರಣವಿತ್ತು. ಉಳಿದ ಹೆಂಚುಗಳ ನಡುವೆ ಒಂದು ಗಿಡ ಹುಟ್ಟಿ, ಸೊಂಪಾಗಿ ಬೆಳೆದು ನಿಂತಿತ್ತು. ಸರ್ವೇಯರ್ ಬರುವ ಮುಂಚೆ ಅದನ್ನು ಕಿತ್ತುಹಾಕಬೇಕಾಗಿತ್ತು. ಕೆಳಗೆ ಅತ್ತೆ ದರ್ಜಿಯ ಜೊತೆ ನಿಂತು, ಹೊಸ ಹೆಂಚು ಯಾವ ಬಣ್ಣದ್ದು ತರಬೇಕು ಎಂದು ಸಡಗರದಿಂದ ಮಾತಾಡುತ್ತಿದ್ದರು.

ಆಗ ದೊಡ್ಡಮ್ಮ ಬಂದರು. ಹಿಂದೆ ಒಂದು ಬಸ್ಸು ತುಂಬುವಷ್ಟು ನೆಂಟರು. ಎಲ್ಲರ ಕೈಯಲ್ಲೂ ಫೋಟೋ, ಎಲ್ಲರ ಕಣ್ಣಲ್ಲೂ ನೀರು. ನಗುತ್ತ ನಿಂತಿದ್ದ ಅತ್ತೆಯನ್ನೂ ಪಕ್ಕದಲ್ಲಿದ್ದ ದರ್ಜಿಯನ್ನೂ ದೊಡ್ಡಮ್ಮ ಒಮ್ಮೆ ನೋಡಿದರು. ಆ ನೋಟಕ್ಕೆ ದರ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

"ಹೇಗಾಯ್ತೇ ಇದು!" ಎಂದು ದೊಡ್ಡಮ್ಮ ಗೋಳಾಡಿದರು.

"ಅಷ್ಟೊಂದು ಅಳಬೇಡಿ ಅತ್ತಿಗೆ" ಎಂದು ಅತ್ತೆ ಅವರ ಬೆನ್ನು ಸವರಿದರು. "ಈಗ ಇವರ ಹತ್ರ ಅದೇ ಮಾತಾಡ್ತಾ ಇದ್ದೆ. ಕೆಂಪಗಿರೋದು ತರೋಣ ಅಂತ."

"ಎಲ್ಲಿ ಮಲಗಿಸಿದೀರಿ?"

"ಮಲಗಿಸೋದೇನು ಬಂತು, ಹಿತ್ತಲಲ್ಲಿ ರಾಶಿ ಹಾಕಿದೀವಿ. ಚೂರು ಚೂರಾಗಿದೆ. ಸ್ವಲ್ಪ ಇವರ ಅಂಗಳಕ್ಕೂ ಹೋಗಿ ಬಿದ್ದಿತ್ತು. ಪಾಪ, ಬುಟ್ಟೀಲಿ ತುಂಬಿ ತಂದುಕೊಟ್ರು."

ನೆಂಟರಲ್ಲಿ ಒಬ್ಬರು ಗೋಡೆ ಹಿಡಿದುಕೊಂಡರು. ದೊಡ್ಡಮ್ಮ ಅಡುಗೆಮನೆಯ ನಡುವೆ ನಿಂತು, "ದೇವರೇ, ನನ್ನ ತಮ್ಮನ್ನ ಒಂದು ಸಲ ತೋರಿಸಪ್ಪಾ!" ಎಂದು ಕೈಯೆತ್ತಿ ಕೂಗಿದರು.

ಮೇಲಿನಿಂದ ಬಸ್ ನಿಲ್ದಾಣದ ದನಿ ಮೊಳಗಿತು. "ಅಕ್ಕಾ! ಬಂದ್ಯಾ?"

ಚಾವಣಿಯ ತೂತಿನಲ್ಲಿ, ಬೆಳಕಿನ ನಡುವೆ, ಮಾವನ ಮುಖ. ಕೈಯಲ್ಲಿ ಕಿತ್ತ ಗಿಡ. ದೊಡ್ಡಮ್ಮ ಹಾಗೇ ನೆಲಕ್ಕೆ ಕೂತುಬಿಟ್ಟರು. ಸುತ್ತಲೂ ಇದ್ದ ಸಾಕ್ಷಿಯಲ್ಲಿ ಒಂದಷ್ಟು ಅವರ ಕೆಳಗೆ ಸಿಕ್ಕಿ ಪುಡಿಯಾಯಿತು.

ಇಂಥ ಹೊತ್ತಿಗೇ ಬಸ್ ನಿಲ್ದಾಣದ ಮೇಲಧಿಕಾರಿ, ಹೂವಿನ ದೊಡ್ಡದೊಂದು ಹಾರ ಹೊತ್ತ ಇಬ್ಬರು ಕಂಡಕ್ಟರುಗಳೊಡನೆ ಒಳಗೆ ಬಂದದ್ದು. ಏಣಿಯಿಂದ ಇಳಿಯುತ್ತಿದ್ದ ಮಾವನನ್ನು ಅವರು ಬಹಳ ಹೊತ್ತು ನೋಡಿದರು.

"ನೀವು ಬದುಕಿದೀರಾ?"

"ಹೌದು ಸಾರ್."

"ಹಾಗಾದ್ರೆ ರಜೆ ಚೀಟಿ ಎಲ್ಲಿ? ಸತ್ತಿದ್ರೆ ಒಪ್ಕೋಬಹುದಿತ್ತು. ಬದುಕಿದ್ದು ಕೆಲಸಕ್ಕೆ ಬರದೇ ಇರೋದು ಅಂದ್ರೆ ಏನ್ರೀ?"

ಮಾವ ತಾವು ಬದುಕಿರುವುದಕ್ಕೆ ಕ್ಷಮೆ ಕೇಳಿದರು. ದೊಡ್ಡಮ್ಮ ಎದ್ದು ಬಂದು ತಮ್ಮನ ಕೆನ್ನೆ ಮುಟ್ಟಿ ನೋಡಿದರು, ಮುಟ್ಟಿದ ಕೈಯಿಂದಲೇ ಒಂದು ಬಾರಿಸಿದರು, ಆಮೇಲೆ ತಬ್ಬಿಕೊಂಡು ಅತ್ತರು. "ಮನೆ ಮೇಲಿಂದು ಅಂದೆ ಅತ್ತಿಗೆ, ಮನೆಯವರು ಅನ್ನಲಿಲ್ಲ" ಎಂದು ಅತ್ತೆ ವಿವರಿಸಿದರು. "ಸದ್ದು ಮಾಡದೇ ಇರೋದು ತರ್ತೀನಿ ಅಂದ್ಯಲ್ಲೇ!" ಎಂದರು ದೊಡ್ಡಮ್ಮ. ಮಾವ ಆ ಮಾತನ್ನು ಕೇಳಿಸಿಕೊಂಡು ಅತ್ತೆಯ ಕಡೆ ತಿರುಗಿದರು. ಅಷ್ಟರಲ್ಲಿ ಪುಣ್ಯಕ್ಕೆ ಸರ್ವೇಯರ್ ಬಂದರು.

ತೆಳ್ಳನೆಯ, ತಗ್ಗಿದ ದನಿಯ ಮನುಷ್ಯ. ಕೊರಳಲ್ಲಿ ಕ್ಯಾಮೆರಾ, ಜೇಬಿನಲ್ಲಿ ಭೂತಗನ್ನಡಿ. ಹೂವು, ಕಣ್ಣೀರು, ಜನ ನೋಡಿ ಅವರು ಬಾಗಿಲಲ್ಲೇ ನಿಂತು ಟೋಪಿ ತೆಗೆದರು. "ಇಂಥ ಹೊತ್ತಲ್ಲಿ ಬಂದೆ, ತಪ್ಪು ತಿಳೀಬೇಡಿ. ಇನ್ನೊಂದು ದಿನ ಬರ್ತೀನಿ."

"ಯಾರೂ ಸತ್ತಿಲ್ಲ, ಬನ್ನಿ ಸಾರ್!" ಎಂದು ಮಾವ ಅವರ ಕೈ ಹಿಡಿದು ಒಳಗೆಳೆದರು. ಸರ್ವೇಯರ್ ಬಿದ್ದದ್ದನ್ನೆಲ್ಲ ನೋಡಿ, ಅಳೆದು, ಫೋಟೋ ತೆಗೆದುಕೊಂಡರು. ನಂತರ ಚಾಪೆಯ ಮೇಲೆ ಕೂತು, "ಹಳೇ ಫೋಟೋ ಕೊಡಿ" ಎಂದರು.

ಫೋಟೋಗಳಿಗೆ ಬರವಿರಲಿಲ್ಲ. ಆದರೆ ಸತ್ತವನ ಫೋಟೋ ಎಂದು ತಿಳಿದು, ಮಾವನ ಮುಖ ಚೆನ್ನಾಗಿ ಬಂದವುಗಳನ್ನೇ ಎಲ್ಲರೂ ಆರಿಸಿ ತಂದಿದ್ದರು. ಮಾವ ಒಂದೊಂದನ್ನೇ ಎತ್ತಿ ನೋಡಿ ಎಸೆಯುತ್ತ ಹೋದರು.

"ಛೆ, ಇದರಲ್ಲಿ ನಾನೇ ಅಡ್ಡ ಬಂದಿದೀನಿ! ಇದರಲ್ಲೂ ನಾನೇ! ಯಾರು ಈ ಹೆಂಗಸು, ಇಷ್ಟೆತ್ತರ ತುರುಬು ಕಟ್ಟಿಕೊಂಡು ಪೂರ್ತಿ ಸೂರು ಮುಚ್ಚಿದಾಳೆ?"

"ಅದು ನಿಮ್ಮ ಹೆಂಡ್ತಿ ಕಣ್ರೀ" ಎಂದರು ಅತ್ತೆ.

ಕೊನೆಗೆ ಸೂರು ಚೆನ್ನಾಗಿ ಕಾಣುವ ಒಂದು ಫೋಟೋ ಸಿಕ್ಕಿತು. ಹೋದ ವರ್ಷದ್ದು. ಮಾವ ಅಂಗಳದಲ್ಲಿ, ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮಾವ ಅದನ್ನು ಗೆದ್ದವರಂತೆ ಮುಂದಿಟ್ಟರು. ಸರ್ವೇಯರ್ ಭೂತಗನ್ನಡಿ ಹಿಡಿದು ಬಗ್ಗಿದರು.

"ಆದ್ರೆ ಇಲ್ಲಿ ಹೆಂಚು ಜರುಗಿದೆ. ಇದೇನು ಸರ್, ಹಸಿರಗೆ?"

ಗಿಡ ಇನ್ನೂ ಮಾವನ ಕೈಯಲ್ಲೇ ಇತ್ತು. ಅವರು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಅಲಂಕಾರಕ್ಕೆ" ಎಂದರು.

ಸರ್ವೇಯರ್ ನಗಲಿಲ್ಲ. "ನೋಡಿ ಸರ್, ನೋಡಿಕೊಳ್ಳದೇ ಬಿಟ್ಟಿದ್ದು ಬಿದ್ರೆ ಕಂಪನಿ ಕೊಡಲ್ಲ. ಮೂಲದಲ್ಲಿ ಗಟ್ಟಿಯಾಗಿ ಕಟ್ಟಿದ್ದ ಚಾವಣಿ ಅಂತ ತೋರಿಸೋ ಒಂದು ಫೋಟೋ ಇದ್ರೂ ಸಾಕು. ತಪ್ಪು ಗಾಳೀದೇ ಅಂತ ಬರೀತೀನಿ."

ಈಗ ಎಲ್ಲರೂ ಚಾಪೆಯ ಸುತ್ತ ಕೂತರು. ಮೇಲಧಿಕಾರಿಯೂ ಬೂಟು ಬಿಚ್ಚಿ ಕೂತರು. ಪೆಟ್ಟಿಗೆಯ ತಳದಿಂದ ಹಳೆಯ ಫೋಟೋಗಳು ಹೊರಬಂದವು. ಸೂರು ಹುಡುಕಲು ಹೋದವರು ಸೂರಿನ ಕೆಳಗಿದ್ದವರನ್ನು ಕಂಡು ಅಲ್ಲಲ್ಲೇ ನಿಂತುಬಿಟ್ಟರು. ನನ್ನ ಅಮ್ಮ ಎರಡು ಜಡೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಅಜ್ಜಿ ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯಲ್ಲಿ ಮಾವನ ಕಿವಿ ಹಿಡಿದಿದ್ದಳು. "ನೋಡು, ಅಮ್ಮನ ಈ ಸೀರೆ!" "ಈ ಕಿಟಕೀಲಿ ಬೆಕ್ಕು ಮಲಗ್ತಿತ್ತು." "ಬಾವಿಗೆ ಆಗಿನ್ನೂ ಕಟ್ಟೆ ಇರಲಿಲ್ಲ." ತೂತಿನಿಂದ ಇಳಿದ ಬಿಸಿಲು ನಮ್ಮೆಲ್ಲರ ಮೇಲೂ ಬಿದ್ದಿತ್ತು. ಆ ಮನೆಯ ಅಡುಗೆಮನೆ ಅಷ್ಟು ಬೆಳಕಾಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಎಲ್ಲರೂ ಇದಾರೆ, ಅಪ್ಪ ಮಾತ್ರ ಯಾವುದರಲ್ಲೂ ಇಲ್ಲ" ಎಂದರು ದೊಡ್ಡಮ್ಮ.

ನಮ್ಮ ಅಜ್ಜ ಬಡಗಿ. ಆ ಚಾವಣಿಯ ಹೆಂಚು ಹೊರುವ ಒಂದೊಂದು ಮರದ ರೀಪನ್ನೂ ಅವರೇ ಕೊಯ್ದು ಕೂಡಿಸಿದ್ದು. ಕ್ಯಾಮೆರಾ ಕಂಡರೆ ಅವರಿಗೆ ಎಲ್ಲಿಲ್ಲದ ನಾಚಿಕೆಯಂತೆ. "ನೀವು ನಿಂತ್ಕೊಳ್ಳಿ, ನನಗೆ ಕೆಲಸ ಇದೆ" ಎಂದು ಮರೆಯಾಗುತ್ತಿದ್ದರಂತೆ.

"ನನ್ನ ಮದುವೇಲೂ ಹಾಗೇ ಮಾಡಿದ್ರು" ಎಂದು ದೊಡ್ಡಮ್ಮ ಹೇಳಿದರು. "ನಾನು ಈ ಮನೆ ಬಿಟ್ಟು ಹೊರಡೋ ಹೊತ್ತಿಗೆ ಎದುರಿಗೇ ಬರಲಿಲ್ಲ. ಎಷ್ಟು ಹುಡುಕಿದೆ ಗೊತ್ತಾ? ಒಂದು ಮಾತು ಹೇಳದೇ ಕಳಿಸಿಬಿಟ್ರು. ಆಮೇಲೆ ಅವರೂ ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ."

ಸರ್ವೇಯರ್ ಈ ಮಾತಿಗೆ ಕಿವಿಗೊಡದೆ ಒಂದು ಫೋಟೋದ ಮೇಲೆ ಬಗ್ಗಿದ್ದರು. ಬಹಳ ಹೊತ್ತಿನ ಮೇಲೆ ತಲೆ ಎತ್ತಿದರು. "ಇದು ಸರಿಯಾದ ಫೋಟೋ ಸರ್. ನೆತ್ತಿಯಿಂದ ಅಂಚಿನವರೆಗೂ ಕಾಣುತ್ತೆ, ಒಂದು ಹೆಂಚೂ ಅಲುಗಿಲ್ಲ. ಮೇಲೆ ಒಬ್ಬರು ಕೆಲಸ ಮಾಡ್ತಾ ಇದಾರೆ. ಅಂದ್ರೆ, ನೋಡಿಕೊಳ್ತಾ ಇದ್ರು ಅನ್ನೋದಕ್ಕೂ ಸಾಕ್ಷಿ."

ಅದು ದೊಡ್ಡಮ್ಮನ ಮದುವೆಯ ದಿನದ ಫೋಟೋ. ಅವರು ಭೂತಗನ್ನಡಿ ಕಿತ್ತುಕೊಂಡು ನೋಡಿದರು. ಅಂಗಳದ ತುಂಬ ಜನ. ನಡುವೆ ಹೊರಟು ನಿಂತ ದೊಡ್ಡಮ್ಮ, ಯಾರನ್ನೋ ಹುಡುಕುವವರಂತೆ ಬಾಗಿಲ ಕಡೆ ತಿರುಗಿದ್ದರು. ಅವರೆಲ್ಲರ ಮೇಲೆ, ಚಾವಣಿಯ ನೆತ್ತಿಯಲ್ಲಿ, ಒಂದು ಮಂಡಿ ಊರಿ ಅಜ್ಜ ಕೂತಿದ್ದರು. ಕೈಯಲ್ಲಿ ಹೆಂಚಿತ್ತು. ಕಣ್ಣು ಹೆಂಚಿನ ಮೇಲಿರಲಿಲ್ಲ. ಕೆಳಗೆ ನಿಂತ ಮಗಳನ್ನೇ ನೋಡುತ್ತಿದ್ದರು.

"ಅಲ್ಲಿದ್ರಾ" ಎಂದಷ್ಟೇ ದೊಡ್ಡಮ್ಮ ಅಂದರು. ಆ ದಿನ ಬೆಳಗ್ಗಿನಿಂದ ಅವರು ಸಾಕಷ್ಟು ಅತ್ತಿದ್ದರು. ಈಗ ಅಳಲಿಲ್ಲ.

"ಇದನ್ನ ಕಡತಕ್ಕೆ ಸೇರಿಸ್ತೀನಿ" ಎಂದರು ಸರ್ವೇಯರ್.

"ಆಮೇಲೆ ವಾಪಸ್ ಕೊಡ್ತೀರಲ್ಲ?" ಎಂದು ಮಾವ ಕೇಳಿದರು.

"ಕಡತಕ್ಕೆ ಹೋಗಿದ್ದು ವಾಪಸ್ ಬರಲ್ಲ ಸರ್. ನಕಲು ಕೊಟ್ರೆ ನಡೆಯಲ್ಲ, ಅಸಲೇ ಬೇಕು. ಇದಿಲ್ದೆ ನಿಮಗೆ ಏನೂ ಸಿಗೋ ಹಾಗೂ ಇಲ್ಲ."

ಮಾವ ಮೇಲಿನ ತೂತನ್ನು ನೋಡಿದರು, ಹೆಂಚಿನ ಚೂರುಗಳ ನಡುವೆ ನಿಂತ ಅತ್ತೆಯನ್ನು ನೋಡಿದರು. ಆ ಸೂರು ಬೇಗ ಆಗಬೇಕೆಂದು ಅತ್ತೆಗಿಂತ ಹೆಚ್ಚಾಗಿ ಬಯಸುವವರು ಯಾರೂ ಇರಲಿಲ್ಲ.

"ಕೊಡಬೇಡಿ" ಎಂದರು ಅತ್ತೆ.

ಮಾವ ಫೋಟೋವನ್ನು ಅಕ್ಕನ ಕೈಗೆ ಕೊಟ್ಟರು. "ಇದರಲ್ಲಿ ಸೂರು ಸರಿಯಾಗಿ ಕಾಣಲ್ಲ ಸಾರ್" ಎಂದು ಸರ್ವೇಯರಿಗೆ ಹೇಳಿದರು. ಜೀವಮಾನದಲ್ಲಿ ಅವರು ಅಷ್ಟು ಮೆಲ್ಲಗೆ ಆಡಿದ ಮಾತು ಇನ್ನೊಂದಿರಲಾರದು.

ಸರ್ವೇಯರ್ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಹೊರಡುವಾಗ ಬಾಗಿಲಲ್ಲಿ ಇನ್ನೊಮ್ಮೆ ಟೋಪಿ ತೆಗೆದರು. ಯಾರಿಗೆ ಎಂದು ನಾವು ಕೇಳಲಿಲ್ಲ.

ಸಾವಿಗೆಂದು ಬಂದ ನೆಂಟರಿಗೆ ಮರಳಿ ಹೋಗುವ ಬಸ್ಸು ಸಂಜೆಗೆ. ಅಲ್ಲಿಯವರೆಗೆ ಸುಮ್ಮನೆ ಕೂರಲಾರದೆ ಮೊದಲು ಒಬ್ಬರು ಅಂಗಿ ಕಳಚಿ ಹಿತ್ತಲಿಗೆ ಹೋದರು, ಹಿಂದೆ ಇನ್ನೊಬ್ಬರು. ದರ್ಜಿ ತಮ್ಮಲ್ಲಿ ಉಳಿದಿದ್ದ ಹಳೆಯ ಹೆಂಚುಗಳನ್ನೆಲ್ಲ ತಂದು ಸುರಿದರು, ಮೇಲೆ ಹತ್ತಿ ಕೂತು ಎಲ್ಲರಿಗೂ ಆಜ್ಞೆ ಮಾಡಿದರು. ಬೆಳಗ್ಗೆ ಮಾವನನ್ನು ಹೊರಲು ಬಂದವರು ಮಧ್ಯಾಹ್ನ ಹೆಂಚು ಹೊತ್ತರು. ಮೇಲಧಿಕಾರಿ ಕೈಯಿಂದ ಕೈಗೆ ಹೆಂಚು ದಾಟಿಸುತ್ತ, ಇದನ್ನು ರಜೆಯೆಂದು ಬರೆಯುವುದೋ ಬೇಡವೋ ಎಂದು ಕಂಡಕ್ಟರುಗಳೊಡನೆ ಚರ್ಚಿಸಿದರು.

ಸಂಜೆಯ ಹೊತ್ತಿಗೆ ಒಂದೇ ಒಂದು ಹೆಂಚಿನ ಜಾಗ ಉಳಿಯಿತು. ಅಷ್ಟರಲ್ಲಿ ಮೋಡ ಕಟ್ಟಿತು. ದರ್ಜಿ ಕೈ ತೊಳೆಯಲು ಹೋಗಿದ್ದರು. ಮಾವ ಹೆಂಚನ್ನು ಕಂಕುಳಲ್ಲಿ ಇಟ್ಟುಕೊಂಡು ತಾವೇ ಏಣಿ ಹತ್ತಿದರು. ಬಸ್ಸಿಗೆ ಹೊತ್ತಾಯಿತೆಂದು ನೆಂಟರು ಅಂಗಳದಿಂದ ಕೂಗುತ್ತಿದ್ದರು. ದೊಡ್ಡಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕೈಯಲ್ಲೂ ಏಣಿ ಹಿಡಿದು, ಮೊದಲ ಹನಿಗಳು ಮುಖಕ್ಕೆ ಬೀಳುತ್ತಿದ್ದರೂ, ಮೇಲೆಯೇ ನೋಡುತ್ತ ನಿಂತಿದ್ದರು.